ಡಬಗಳ್ಳಿಯ ಠರಾವು

ಮೊನ್ನೆ ನನ್ನ ಮೊಮ್ಮಗನ ಹೆಂಡತಿ ಮಿರಜದ ಪೇಟೆಯಿಂದ ಒಂದು ಕಳ್ಳಿ ತಂದಳು. ಕಿತ್ತು ತಂದದ್ದಲ್ಲ, ರೊಕ್ಕ ಕೊಟ್ಟು ಕೊಂಡು ತಂದದ್ದು. ಚಹಾದ ಬಟ್ಟಲಿನಷ್ಟು ಒಂದು ಕುಂಡ, ಅದರೊಳಗೆ ಹೆಬ್ಬೆರಳು ಗಾತ್ರದ ಕಳ್ಳಿ, ಬುಡದ ಸುತ್ತ ಬಿಳಿ ಹರಳು. ಅದನ್ನು ಕಿಟಕಿಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು, ಮಗ್ಗುಲಿಗೆ ಸರಿದು ನೋಡಿದಳು.

“ಆಯಿ, ಹೆಂಗ ಕಾಣತೈತ್ರಿ?”

“ಕಳ್ಳಿ ಕಂಡಂಗ ಕಾಣತೈತಿ” ಅಂದೆ.

“ವಾರಕ್ಕೊಮ್ಮಿ ನೀರ ಹಾಕಬೇಕಂತ್ರಿ ಇದಕ್ಕ.”

ನನಗೆ ನಗು ತಡೆಯಲಿಲ್ಲ. ಕಳ್ಳಿಗೆ ನೀರು ಹಾಕಿದವರನ್ನು ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ. ಬೆಂಕಿ ಹಾಕಿದವರನ್ನು ಕಂಡಿದ್ದೇನೆ, ಕೊಡಲಿ ಹಾಕಿದವರನ್ನು ಕಂಡಿದ್ದೇನೆ. ಆ ಕೊಡಲಿಯ ಕೆಳಗೆ ನನ್ನ ಮಾನವೂ ಒಮ್ಮೆ ಸಿಕ್ಕಿಕೊಂಡಿತ್ತು. ಆ ಹುಡುಗಿಗೆ ಅದೆಲ್ಲ ಎಲ್ಲಿ ಗೊತ್ತು? ಹಾಕವ್ವ ನೀರು, ಅಂದೆ.

ನನ್ನ ಹೆಸರಿನ ಮುಂದೆ ಈಗ ‘ಮಾಜಿ’ ಎಂದು ಹಚ್ಚುತ್ತಾರೆ. ಮಾಜಿ ಪಂಚಾಯಿತಿ ಸದಸ್ಯೆ, ಮಾಜಿ ಸರಪಂಚ, ತಾಲೂಕಿನ ಮಟ್ಟದಲ್ಲೂ ಏನೋ ಒಂದು ಮಾಜಿ. ಮೂರು ಸಲ ಗೆದ್ದೆ, ಒಂದು ಸಲ ಸೋತೆ. ಸೋತಾಗ ಊರಿಗೆ ಏನೂ ನಷ್ಟವಾಗಲಿಲ್ಲ, ನಮ್ಮ ಎಮ್ಮೆಗೆ ಲಾಭವಾಯಿತು. ಹೊತ್ತಿಗೆ ಸರಿಯಾಗಿ ಮೇವು ಸಿಕ್ಕಿತು. ಈಗ ವರ್ಷಕ್ಕೊಮ್ಮೆ ಯಾರಾದರೂ ಬಂದು ಶಾಲು ಹೊದಿಸಿ ಹೋಗುತ್ತಾರೆ. ರೊಟ್ಟಿಯ ಬುಟ್ಟಿ ಮುಚ್ಚಲು ಶಾಲಿನಂಥ ಬಟ್ಟೆ ಇನ್ನೊಂದಿಲ್ಲ. ರೊಟ್ಟಿ ಬಿಸಿಯಾಗಿಯೇ ಇರುತ್ತದೆ. ಹೋದ ಸಲ ಶಾಲು ತಂದ ಮಾಸ್ತರರು ಒಂದು ವಹಿ ತೆಗೆದು ಕೇಳಿದರು: “ಆಯಿ, ನಿಮ್ಮ ಹಯಾತದಾಗ ನೀವು ಮಾಡಿದ ದೊಡ್ಡ ಕೆಲಸ ಯಾವುದ್ರಿ?” ನಾನು “ಡಬಗಳ್ಳಿ ಉಳಿಸಿದ್ದು” ಅಂದೆ. ಅವರು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ‘ಶಾಲೆಯ ಕಟ್ಟಡ’ ಎಂದು ಬರೆದುಕೊಂಡರು. ವಯಸ್ಸಾಗಿದೆ ಪಾಪ, ಅಂದುಕೊಂಡಿರಬೇಕು. ಶಾಲೆಯ ಕಟ್ಟಡ ನನ್ನ ಕಾಲದಲ್ಲಿ ಆದದ್ದು ನಿಜ. ಆದರೆ ಅದು ನಾನಿಲ್ಲದಿದ್ದರೂ ಆಗುತ್ತಿತ್ತು. ಕಳ್ಳಿ ಉಳಿಯುತ್ತಿರಲಿಲ್ಲ.

ಡಬಗಳ್ಳಿ ಎಂದರೆ ಈಗಿನವರಿಗೆ ಹೇಳಬೇಕು. ಅಂಗೈ ಅಗಲದ ಹಸಿರು ಬಿಲ್ಲೆ, ಬಿಲ್ಲೆಯ ಮೇಲೆ ಬಿಲ್ಲೆ, ಮೈತುಂಬ ಮುಳ್ಳು. ಆಳೆತ್ತರ ಬೆಳೆದು ಪೌಳಿಗೋಡೆಯ ಹಾಗೆ ನಿಲ್ಲುತ್ತದೆ. ಅದರ ಹಣ್ಣು ಕೆಂಪು. ನನ್ನ ತವರು ಬೆಳುಂಕಿಯಲ್ಲಿ ದನ ಕಾಯಲು ಹೋದಾಗ ಆ ಹಣ್ಣೇ ನಮ್ಮ ಮಧ್ಯಾಹ್ನದ ಊಟ. ಕವೆಗೋಲಿನಿಂದ ಕೆಡವಿ, ಮರಳಿನಲ್ಲಿ ಕಾಲಿಂದ ಹೊರಳಾಡಿಸಿ ಮುಳ್ಳು ತೆಗೆಯಬೇಕು. ತಾಳ್ಮೆ ಇದ್ದವರು ಹಾಗೆ ಮಾಡುತ್ತಿದ್ದರು. ನನಗೆ ತಾಳ್ಮೆ ಇರಲಿಲ್ಲ, ಹಾಗಾಗಿ ತುಟಿಯಲ್ಲಿ ಸದಾ ಮುಳ್ಳು ಇರುತ್ತಿತ್ತು. ಹಲ್ಲು, ನಾಲಿಗೆ, ಕುಪ್ಪಸ ಎಲ್ಲ ಕೆಂಪು. ಅವ್ವ ದೂರದಿಂದ ನೋಡಿ, “ಎಲ್ಲೆ ಬಿದ್ದ ಬಂದಿ?” ಎಂದು ಓಡಿಬರುತ್ತಿದ್ದಳು. ಹಣ್ಣಿನ ಬಣ್ಣ ಎಂದು ತಿಳಿದ ಮೇಲೆ ಹೊಡೆಯುತ್ತಿದ್ದಳು. ರಕ್ತವಾಗಿದ್ದರೆ ಹೊಡೆತ ಇರುತ್ತಿರಲಿಲ್ಲ, ಹಣ್ಣಾದದ್ದಕ್ಕೆ ಹೊಡೆತ. ನ್ಯಾಯ ಎಂದರೆ ಹೀಗೆ ಇರುತ್ತದೆ ಎಂದು ನಾನು ಅಲ್ಲೇ ಕಲಿತೆ.

ಜತ್ತದ ಸಂಸ್ಥಾನ ಹೋಗಿ ಸರಕಾರ ಬಂದ ವರ್ಷ ನನ್ನ ಮದುವೆ. ರಾಜರು ಹೋದರಂತೆ, ಇನ್ನು ಮೇಲೆ ಸರಕಾರವಂತೆ ಎಂದು ಅಪ್ಪ ಹೇಳಿದಾಗ, ಸರಕಾರ ಎನ್ನುವವರು ಹೊಸ ರಾಜರು, ಅವರಿಗೂ ಮೀಸೆ ಇರುತ್ತದೆ ಎಂದು ತಿಳಿದಿದ್ದೆ. ಅದೇ ತಿಳಿವಳಿಕೆ ತೆಗೆದುಕೊಂಡು ತಿಕೋಂಡಿಯ ಆಚೆಗಿರುವ ಗಂಡನ ಊರಿಗೆ ಬಂದೆ. ಗಂಡನ ಮನೆಯಲ್ಲಿ ಮೂವರೇ: ಅತ್ತೆ, ನಮ್ಮ ಮನೆಯವರು, ನಾನು. ನಾಲ್ಕು ಕೂರಿಗೆ ಹೊಲ, ಎರಡು ಎತ್ತು, ಶೇಂಗಾ ಹೇರಿಕೊಂಡು ಸಂತೆಗೆ ಹೋಗುವ ಒಂದು ಬಂಡಿ. ಅತ್ತೆ ಸಂಗವ್ವನ ಬಾಯಿ ಇಡೀ ಓಣಿಗೆ ಗಡಿಯಾರ. ಅದು ಶುರುವಾಯಿತೆಂದರೆ ಜನ ಏಳುತ್ತಿದ್ದರು, ನಿಂತಿತೆಂದರೆ ಮಲಗುತ್ತಿದ್ದರು. ಅಂಥ ಮನೆಯಲ್ಲಿ ನಾನು ಮಾತನಾಡಲು ಸಂದೇ ಇರಲಿಲ್ಲ. ಎಂಟು ಹತ್ತು ವರ್ಷ ಬಾಯಿ ಮುಚ್ಚಿಕೊಂಡೇ ಇದ್ದೆ. ಊರವರು ಅದನ್ನು ಗುಣ ಎಂದು ತಿಳಿದರು.

ಆ ಗುಣವೇ ನನ್ನನ್ನು ರಾಜಕಾರಣಕ್ಕೆ ತಂದಿತು. ಒಂದು ದಿನ ಸರಪಂಚ ಬಸಗೌಡರು ನಮ್ಮ ಕಟ್ಟೆಗೆ ಬಂದು ಕುಳಿತರು. ನಾನು ಒಳಗೆ ಬೀಸುತ್ತಿದ್ದೆ.

“ಮ್ಯಾಲಿಂದ ಹುಕುಂ ಬಂದೈತಿ” ಎಂದರು ನಮ್ಮ ಮನೆಯವರಿಗೆ. “ಪಂಚಾಯಿತ್ಯಾಗ ಒಬ್ಬಾಕಿ ಹೆಣ್ಣಮಗಳು ಮೆಂಬರ್ ಇರಬೇಕಂತ.”

“ಊರಾಗ ಯಾರೂ ಸಿಗಲಿಲ್ಲೇನ್ರಿ ಗೌಡ್ರ?”

“ಸಿಗ್ತಾರ. ಎಲ್ಲಾರೂ ಮಾತಾಡೂವರು. ನಿನ್ನ ಹೇಣ್ತಿ ದನಿ ನಾ ಒಂದ ದಿನಾನೂ ಕೇಳಿಲ್ಲ. ಅಂಥಾಕಿ ಬೇಕಾಗ್ಯಾಳ.”

ಬಾಗಿಲ ಮರೆಯಿಂದ ಅತ್ತೆ ಬಿಟ್ಟಳು: “ಬಾಯಿ ಇಲ್ಲದಾಕಿ ಬೇಕಿದ್ರ ಗೌಡ್ರ, ಗುಡಿ ಮುಂದಿನ ಕಲ್ಲಿನ ಬಸವಣ್ಣನ್ನ ಒಯ್ರಿ. ಅದು ಉಣ್ಣಾಕೂ ಬೇಡೂದಿಲ್ಲ.”

ಗೌಡರು ನಕ್ಕರು. ನಾನು ಮೆಂಬರಾದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಬೀಸುವುದನ್ನು ನಿಲ್ಲಿಸಲಿಲ್ಲ.

ಪಂಚಾಯಿತಿ ಕೂಡುವುದು ಚಾವಡಿಯಲ್ಲಿ. ಚಾವಡಿಯ ಕಟ್ಟೆ ಹೆಂಗಸರಿಗಲ್ಲ. ಅದರ ಮುಂದೆ ಹಾಯುವಾಗ ಕಾಲಿನ ಚಪ್ಪಲಿ ಕೈಗೆ ಬರಬೇಕು, ಸೆರಗು ಹಣೆಗೆ ಇಳಿಯಬೇಕು. ಹಾಗಿದ್ದಾಗ ನಾನು ಅಲ್ಲಿ ಕುರ್ಚಿಯ ಮೇಲೆ ಹೇಗೆ ಕೂಡಬೇಕು? ಗಂಡಸರೇ ಅದಕ್ಕೆ ಉಪಾಯ ಮಾಡಿದರು. ಸಭೆ ಅವರು ನಡೆಸುವುದು, ಮುಗಿದ ಮೇಲೆ ತಳವಾರ ಯಲ್ಲಪ್ಪ ಸಭೆಯ ನಿರ್ಣಯ, ಅಂದರೆ ಠರಾವು, ಬರೆದ ವಹಿಯನ್ನೂ ಶಾಯಿಯ ಡಬ್ಬಿಯನ್ನೂ ನಮ್ಮ ಅಡುಗೆ ಮನೆಗೆ ತರುವುದು, ನಾನು ಹೆಬ್ಬೆಟ್ಟು ಒತ್ತುವುದು. ಅವನು ಬರುತ್ತಿದ್ದದ್ದು ಸರಿಯಾಗಿ ನಾನು ರೊಟ್ಟಿ ಬಡಿಯುವ ಹೊತ್ತಿಗೆ. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿ ಒತ್ತಿ ಕಳಿಸುತ್ತಿದ್ದೆ. ಊರಿನ ಲೆಕ್ಕಪತ್ರ ಬರೆಯುವ ತಲಾಠಿಗಳು ಸಾತಾರಾ ಕಡೆಯವರು, ಮರಾಠಿಯಲ್ಲಿ ಚಂದವಾಗಿ ಬರೆಯುವವರು. “ಮೆಂಬರ್ ಬಾಯಿಗೆ ಹೇಳು, ಸರಕಾರದ ವಹಿಗೆ ಜ್ವಾಳದ ಹಿಟ್ಟ ಹತ್ತತೈತಿ, ಹುಳ ಬೀಳತಾವ” ಎಂದು ಎರಡು ಸಲ ಹೇಳಿ ಕಳಿಸಿದರು. ಹೀಗೆ ವರ್ಷದವರೆಗೆ ನಡೆಯಿತು. ಯಾವ ಕಾಗದದಲ್ಲಿ ಏನಿತ್ತು, ದೇವರಿಗೇ ಗೊತ್ತು. ಮನೆಯಲ್ಲಿ ಕುಳಿತು ಇಷ್ಟು ಸುಲಭದಲ್ಲಿ ಆಗುವ ಕೆಲಸಕ್ಕೆ ಗಂಡಸರು ದಿನವಿಡೀ ಚಾವಡಿಯಲ್ಲಿ ಯಾಕೆ ಕೂಡುತ್ತಾರೆ ಎಂದು ನನಗೆ ಆಶ್ಚರ್ಯ.

ಅವರು ಕೂಡುತ್ತಿದ್ದದ್ದಕ್ಕೆ ಕಾರಣ ಇತ್ತು. ಆ ವರ್ಷಗಳಲ್ಲಿ ಚಾವಡಿಯಲ್ಲಿ ಒಂದೇ ಮಾತು: ನಮ್ಮ ಊರು ಯಾವ ರಾಜ್ಯಕ್ಕೆ ಸೇರುತ್ತದೆ? ವಿಜಾಪುರದ ಕಡೆಗೋ, ಸಾಂಗ್ಲಿಯ ಕಡೆಗೋ? ಗಡಿ ಹಳ್ಳದ ಈಚೆಗೆ ಬರುತ್ತದೋ ಆಚೆಗೆ ಹೋಗುತ್ತದೋ? ನೆಲದ ಮೇಲೆ ಕಡ್ಡಿಯಿಂದ ನಕ್ಷೆ ಗೀಚಿ ಜಗಳಾಡುತ್ತಿದ್ದರು. ಊರಿನ ಗಡಿ ಅವರಿಗೆ ಬೆರಳ ತುದಿಯಲ್ಲಿ ಗೊತ್ತಿತ್ತು. ಆದರೆ ಅವರವರ ಹೆಂಡತಿ ಬೆಳಗಿನ ಜಾವ ಎದ್ದು ಎಲ್ಲಿಗೆ ಹೋಗುತ್ತಾಳೆ ಎನ್ನುವುದು ಗೊತ್ತಿರಲಿಲ್ಲ.

ನಾಚಿಕೊಂಡು ಸುತ್ತು ಬಳಸಿ ಹೇಳುವುದು ನನಗೆ ಬರುವುದಿಲ್ಲ, ನೇರವಾಗಿ ಹೇಳುತ್ತೇನೆ. ಊರಲ್ಲಿ ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಗಂಡಸರು ಪಡುವಣ ಗುಡ್ಡದ ಕಡೆಗೆ ಹೋಗುತ್ತಿದ್ದರು, ಯಾವ ಹೊತ್ತಿನಲ್ಲಾದರೂ, ತಂಬಾಕು ತಿಕ್ಕುತ್ತ, ಹಾಡು ಹೇಳುತ್ತ. ಹೆಂಗಸರು ಮೂಡಲಿಗೆ, ಹಳ್ಳದ ದಂಡೆಗೆ. ಅಲ್ಲಿ ಡಬಗಳ್ಳಿಯ ದೊಡ್ಡ ಮೆಳೆ ಇತ್ತು, ಕೋಟೆಯ ಗೋಡೆಯ ಹಾಗೆ ಉದ್ದಕ್ಕೆ, ಆಳಿಗಿಂತ ಎತ್ತರ. ಬೆಳಕು ಹರಿಯುವ ಮುಂಚೆ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ, ಸೆರಗಿನಲ್ಲಿ ನೀರಿನ ಚರಿಗೆ ಮುಚ್ಚಿಕೊಂಡು ಹೋಗಿ ಬರುವುದು. ಮನೆಯ ಗಂಡಸರ ಮುಂದೆ ಆ ಮಾತು ಎತ್ತುವಂತಿಲ್ಲ. ಚರಿಗೆ ಕಣ್ಣಿಗೆ ಬೀಳುವಂತಿಲ್ಲ. ಇಷ್ಟು ಅಚ್ಚುಕಟ್ಟಾಗಿ ನಾವು ಮುಚ್ಚಿಟ್ಟಿದ್ದೆವೆಂದರೆ, ಹೆಂಗಸರಿಗೂ ಹೊಟ್ಟೆ ಎಂಬುದೊಂದು ಇದೆ ಎಂದು ಗಂಡಸರಿಗೆ ಮರೆತೇ ಹೋಗಿತ್ತು.

ಒಂದು ಮುಂಜಾನೆ ಹಳ್ಳದ ಕಡೆಯಿಂದ ಕೊಡಲಿಯ ಸಪ್ಪಳ ಕೇಳಿತು. ಐದಾರು ಆಳುಗಳು ಡಬಗಳ್ಳಿ ಕಡಿದು ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಿದ್ದರು. ಮೇಲುಸ್ತುವಾರಿಗೆ ಯಲ್ಲಪ್ಪ.

“ಯಾಕೋ ಯಲ್ಲಪ್ಪ, ಇದನ್ಯಾಕ ಕಡಸಾಕತ್ತೀರಿ?” ಎಂದು ಕೇಳಿದೆ.

“ದೊಡ್ಡ ಸಾಹೇಬ್ರು ಊರ ನೋಡಾಕ ಬರತಾರಂತ್ರೀ ಅಕ್ಕಾರ. ಜೀಪ ಸೀದಾ ಬರಾಕ ದಾರಿ, ಮತ್ತ ಊರ ಸಫಾಯಿ. ಠರಾವ ಪಾಸ ಆಗೈತಲ್ರಿ.”

“ಯಾವ ಠರಾವು?”

ಅವನು ಕಕ್ಕಾಬಿಕ್ಕಿಯಾದ. “ಹೋದ ವಾರ ತಂದಿದ್ನೆಲ್ರಿ. ನೀವ ಹೆಬ್ಬಟ್ಟ ಒತ್ತೀರಲ್ರಿ.”

ಹೋದ ವಾರ ತಂದಿದ್ದ, ಹೌದು. ನಾನು ರೊಟ್ಟಿ ತಿರುವಿ ಹಾಕುತ್ತ, ಅವನ ಮುಖವನ್ನೂ ನೋಡದೆ ಒತ್ತಿ ಕಳಿಸಿದ್ದೆ.

ಮರುದಿನದ ಬೆಳಗಿನ ಪಾಡು ಏನು ಹೇಳಲಿ. ದಾರಿಯ ಕಡೆಯ ಮೆಳೆ ಹೋಗಿತ್ತು. ಉಳಿದದ್ದರ ಮಗ್ಗುಲಿಗೆ ಇಡೀ ಊರಿನ ಹೆಂಗಸರು. ಮರೆ ಹೋದ ಮೇಲೆ ಬಂಡಿಯ ದಾರಿ ಕಣ್ಣೆದುರಿಗೇ ಬಂತು. ನಸುಕಿನಲ್ಲಿ ಹೊಲಕ್ಕೆ ಹೋಗುವ ಗಂಡಸರು ಒಬ್ಬರ ಹಿಂದೊಬ್ಬರು. ಒಬ್ಬ ಬಂದ ಎಂದರೆ ಎಲ್ಲರೂ ಎದ್ದು ನಿಲ್ಲಬೇಕು, ಮುಖ ಆಚೆ ತಿರುಗಿಸಬೇಕು. ಅವನು ಹೋದ, ಕುಳಿತೆವು. ಇನ್ನೊಬ್ಬ ಬಂದ, ಎದ್ದೆವು. ಕವಾಯತು ಮಾಡುವ ಪೊಲೀಸರು ಕೂಡ ಅಷ್ಟು ಸಲ ಎದ್ದು ಕುಳಿತಿರಲಿಕ್ಕಿಲ್ಲ. ಈಗ ಬರೆಯುವಾಗ ನಗು ಬರುತ್ತದೆ. ಅಂದು ನಗು ಬರಲಿಲ್ಲ, ಏಕೆಂದರೆ ನಮ್ಮ ನಡುವೆ ಹಸೀನಾ ಇದ್ದಳು.

ಹಸೀನಾ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಬಳೆಗಾರ್ತಿ ಖಾಜಾಬಿಯ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತುಂಬಿತ್ತು. ಒಮ್ಮೆ ಕುಳಿತರೆ ಏಳಲು ಇಬ್ಬರು ಕೈಹಿಡಿಯಬೇಕು. ಎರಡು ದಿನ ಹೀಗೆ ಎದ್ದು ಕುಳಿತು ಮಾಡಿದಳು, ಮೂರನೆಯ ದಿನ ಬರಲಿಲ್ಲ. ಉಣ್ಣುವುದನ್ನೇ ಬಿಟ್ಟಿದ್ದಳು. ನೀರೂ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದಲ್ಲ. ಬಾವಿಯ ಹತ್ತಿರ ಖಾಜಾಬಿ ನನ್ನನ್ನು ನೋಡಿ ಕೊಡ ಕೆಳಗಿಟ್ಟಳು.

“ಬಾ ಮೆಂಬರವ್ವ, ಬಾ. ನನ್ನ ಮಗಳ ತುಟಿ ಒಡದಾವ, ನೀರ ಕೊಟ್ರ ಬಾಯಿ ಮುಚ್ಚತಾಳ. ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ ನಿನ್ನ ಆ ಹೆಬ್ಬಟ್ಟ ಕಡದ ಒಲಿಗೆ ಹಾಕತೀನಿ, ನೋಡಕೋ.”

“ನನಗ ಗೊತ್ತಿರಲಿಲ್ಲ ಖಾಜಾಬಿ.”

“ಗೊತ್ತಿರಲಾರದ ಒತ್ತೀದಿ? ಯಾ ಅಲ್ಲಾ! ಬಳಿ ಇಡೂವಾಗ ನಾ ಕೈ ನೋಡಿ ಇಡತೀನಿ. ನೀ ಊರ ಹೆಂಗಸರ ಮಾನ ಕಣ್ಣ ಮುಚ್ಚಿ ಕೊಟ್ಟ ಬಂದಿ.”

ಸುತ್ತ ಇದ್ದ ಹೆಂಗಸರು ಒಬ್ಬರೂ ನನ್ನ ಪರ ಮಾತಾಡಲಿಲ್ಲ. ಮಾತಾಡಬೇಕಾದ್ದೇನೂ ಇರಲಿಲ್ಲ. ನಾನು ನೀರು ಸೇದಿಕೊಂಡು ಮನೆಗೆ ಬಂದು ಕೊಡ ಇಳಿಸುವ ಮೊದಲೇ ಅತ್ತೆ ಶುರು ಮಾಡಿದಳು. ಅಷ್ಟು ವರ್ಷಗಳ ಆಕೆಯ ಮಾತಿನಲ್ಲಿ ಒಂದೇ ಒಂದು ಮಾತು ನನ್ನ ಎದೆಯಲ್ಲಿ ನಾಟಿ ನಿಂತಿದೆ, ಅದು ಅಂದಿನದು.

“ಓದಾಕ ಬರೂದಿಲ್ಲ, ಖರೆ. ನನಗೂ ಬರೂದಿಲ್ಲ. ಕೇಳಾಕೂ ಬರೂದಿಲ್ಲೇನ ನಿನಗ?”

ಹೌದಲ್ಲ, ಅನಿಸಿತು. ಓದುವುದಕ್ಕೆ ಶಾಲೆ ಬೇಕು. ಕೇಳುವುದಕ್ಕೆ ಬಾಯಿ ಇದ್ದರೆ ಸಾಕು. ಆ ಬಾಯಿಯನ್ನು ನಾನೇ ಹೊಲಿದುಕೊಂಡು ಕುಳಿತಿದ್ದೆ.

ಮಧ್ಯಾಹ್ನ ಉಣ್ಣಲು ಬಡಿಸುವಾಗ ನಮ್ಮ ಮನೆಯವರಿಗೆ ಹೇಳಿದೆ. ಮೊದಲ ಸಲ ಆ ವಿಷಯವನ್ನು ಗಂಡಸಿನ ಮುಂದೆ ಬಾಯಿಬಿಟ್ಟು ಹೇಳಿದ್ದು. ಅವರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಕಿವಿ ಕೆಂಪಾಯಿತು.

“ಅಲ್ಲಿಗೆ ಹೋಗತಿದ್ರೇನ ನೀವು? ಇಷ್ಟ ವರ್ಷ?”

“ಮತ್ತ ಎಲ್ಲಿಗೆ ಹೋಗತೀವಂತ ತಿಳದಿದ್ರಿ?”

ಅವರು ಆ ತುತ್ತನ್ನು ತಾಟಿಗೆ ಇಳಿಸಿದರು. “ನಾ ಹೋಗಿ ಚಾವಡ್ಯಾಗ ಹೇಳಿದ್ರ ನಗತಾರ. ನಗೂದಷ್ಟ ಅಲ್ಲ, ಹೇಣ್ತಿ ಮಾತ ಹೊತಗೊಂಡ ಬಂದಾನ ಅಂತಾರ” ಎಂದರು. ಆಮೇಲೆ ಕೈತೊಳೆದು ಎದ್ದವರು, ಹೊರಗೆ ಹೋಗುತ್ತ ಬೆನ್ನು ತಿರುಗಿಸಿಯೇ ಅಂದರು: “ನೀ ಹೋಗತಿದ್ರ ಹೋಗು. ನಾ ಬ್ಯಾಡ ಅನ್ನೂದಿಲ್ಲ.”

ದೊಡ್ಡ ಮಾತೇನಲ್ಲ ಎಂದು ನಿಮಗೆ ಅನಿಸಬಹುದು. ಆಗಿನ ಕಾಲದಲ್ಲಿ ಗಂಡ ಬೇಡ ಅನ್ನದೆ ಇರುವುದು, ಇಂದು ಮೆರವಣಿಗೆ ಮಾಡಿಸುವುದಕ್ಕಿಂತ ಹೆಚ್ಚು. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು. ಬದುಕಿರುವಾಗ ಅವರಿಗೆ ಈ ಋಣದ ಮಾತು ಹೇಳಲಿಲ್ಲ, ಹೇಳಿದ್ದರೆ ಹೆದರಿಕೊಳ್ಳುತ್ತಿದ್ದರು. ಈಗ ಬರೆದಿಟ್ಟಿದ್ದೇನೆ.

ಸಂಜೆ ಖಾಜಾಬಿಯ ಮನೆಗೆ ಹೋದೆ. ಬೈದು ಬೈದು ಅವಳ ಸಿಟ್ಟು ಇಳಿದಿತ್ತು. “ನಾಳಿ ಚಾವಡ್ಯಾಗ ಪಂಚಾಯಿತಿ ಕೂಡತೈತಿ, ತಲಾಠಿನೂ ಬರತಾರ, ಎಲ್ಲಾ ಹೆಂಗಸರೂ ಹೋಗೂಣು” ಅಂದೆ.

“ಬರತೀನಿ ಅಂತ ಎಲ್ಲಾರೂ ಅಂತಾರ” ಎಂದಳು. “ಒಬ್ಬಾಕೀನೂ ಬರೂದಿಲ್ಲ. ಚಾವಡಿ ಕಟ್ಟಿ ಹತ್ತಿದ್ರ ರಾತ್ರಿ ಮನ್ಯಾಗ ಬೆನ್ನಿಗೆ ಬಾರಕೋಲು. ಅವರನ್ನ ಕರಿಬ್ಯಾಡ. ಅವರ ಚರಗಿ ಕರಿ.”

ಈ ಮಾತು ಹೊಳೆದದ್ದು ಅವಳಿಗೆ, ನನಗಲ್ಲ. ನನ್ನನ್ನು ಶಾಣ್ಯಾಳು ಎಂದು ಹೊಗಳುವವರು ಇದನ್ನು ಬರೆದುಕೊಳ್ಳಲಿ. ಬಳೆಗಾರ್ತಿಗೆ ಊರಿನ ಎಲ್ಲ ಮನೆಗಳ ಹಿತ್ತಲ ಬಾಗಿಲೂ ತೆರೆದಿರುತ್ತದೆ. ಗಂಡಸರು ಅವಳ ಬುಟ್ಟಿಯಲ್ಲಿ ಏನಿದೆ ಎಂದು ಇಣುಕುವುದಿಲ್ಲ. ಮರುದಿನ ಮುಂಜಾನೆ ಅವಳು ಬಳೆ ಮಾರುವವಳ ಹಾಗೆ ಮನೆಮನೆಗೆ ಹೋಗಿ, ಬಟ್ಟೆಯ ಕೆಳಗೆ ಚರಿಗೆಗಳನ್ನು ತುಂಬಿಕೊಂಡು ಬಂದಳು. ಬರಲಾಗದ ಹೆಂಗಸರು ಚರಿಗೆಯನ್ನು ಮಾತ್ರ ಕೊಟ್ಟರು. ಕೆಲವರು ಕೊಡುವಾಗ ಹುಣಸೆಹಣ್ಣು ಹಚ್ಚಿ ಬೆಳಗಿ ಕೊಟ್ಟರಂತೆ. ಎಂಥ ಹೊತ್ತಿನಲ್ಲೂ ಮಂದಿ ಏನೆಂದಾರು ಎನ್ನುವ ಚಿಂತೆ ನಮ್ಮ ಹೆಂಗಸರನ್ನು ಬಿಡುವುದಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಕೊಡುವ ಹಿತ್ತಾಳೆಯ ಪಾತ್ರೆಗಳ ಮೇಲೆ ಮನೆಯ ಯಜಮಾನನ ಹೆಸರು ಕೊರೆಸುತ್ತಾರೆ. ಜತ್ತದ ಪೇಟೆಯಲ್ಲಿ ಕೊರೆಯುವವನು ಬಾಳಬೋಧ, ಅಂದರೆ ಮರಾಠಿ ಅಕ್ಷರದಲ್ಲಿ ಕೊರೆಯುತ್ತಿದ್ದ. ಆ ಚರಿಗೆ ಮೊದಲು ಪಡಸಾಲೆಯಲ್ಲಿ ಕುಡಿಯುವ ನೀರಿಗೆ. ಬಿದ್ದು ಸೊಟ್ಟಾದ ಮೇಲೆ ಹಿತ್ತಲಿಗೆ, ಹೆಂಗಸರ ಪಾಲಿಗೆ. ಪಾತ್ರೆ ಸೊಟ್ಟಾದರೂ ಹೆಸರು ಹಾಗೇ ಉಳಿದಿರುತ್ತದೆ.

ಹಾಡುಹಗಲು. ಚಾವಡಿಯಲ್ಲಿ ಗೌಡರು, ತಲಾಠಿ, ಪಂಚರು, ಸುಮ್ಮನೆ ಕೇಳಲು ಬಂದ ಹತ್ತಾರು ಮಂದಿ. ತಲೆಯ ಮೇಲೆ ಬುಟ್ಟಿ ಹೊತ್ತ ಖಾಜಾಬಿ, ಕೈಯಲ್ಲಿ ನೀರು ತುಂಬಿದ ನಮ್ಮ ಮನೆಯ ಚರಿಗೆ ಹಿಡಿದ ನಾನು. ಇಬ್ಬರೇ. ಅರ್ಧ ದಾರಿಗೆ ಬಂದಾಗ ಹಿಂದೆ ಕೋಲಿನ ಸಪ್ಪಳ ಕೇಳಿ ತಿರುಗಿದರೆ, ಅತ್ತೆ. ಆಕೆಯ ಕೈಯಲ್ಲೂ ಒಂದು ಚರಿಗೆ.

“ನೀವ್ಯಾಕ ಬಂದ್ರಿ ಅತ್ತಿ?”

“ನಿನ್ನ ಬಾಯಿ ಮ್ಯಾಲ ನನಗ ಭರವಸಾ ಇಲ್ಲ. ನಡಿ.”

ಕಟ್ಟೆಗೆ ಐದು ಮೆಟ್ಟಿಲು. ಹತ್ತಿದೆ. ಚರಿಗೆಯನ್ನು ವಹಿಯ ಮಗ್ಗುಲಲ್ಲಿ ಇಟ್ಟೆ. ಅತ್ತೆ ತನ್ನದನ್ನು ಇಟ್ಟಳು. ಖಾಜಾಬಿ ಬುಟ್ಟಿ ಇಳಿಸಿ ಒಂದೊಂದೇ ಚರಿಗೆ ತೆಗೆದು ಸಾಲಾಗಿ ಹೊಂದಿಸಿದಳು. ಎಷ್ಟೋ ಮಾತು ಯೋಚಿಸಿಕೊಂಡು ಬಂದಿದ್ದೆ. ಕಟ್ಟೆಯ ಮೇಲೆ ಒಂದೂ ನೆನಪಾಗಲಿಲ್ಲ. ಗಂಡಸರು ಪಿಳಿಪಿಳಿ ನೋಡುತ್ತಿದ್ದರು.

ಬಿಸಿಲಲ್ಲಿ ಸೈಕಲ್ ತುಳಿದು ಬಂದಿದ್ದ ತಲಾಠಿಗಳಿಗೆ ಮಾತ್ರ ಖುಷಿಯಾಯಿತು. “ಅರೆ ವಾ! ಪಂಚಾಯಿತಿಗೆ ನೀರ ತಂದ್ರೇನು ಬಾಯಿ? ಛಾನ, ಛಾನ!” ಎಂದು ಅತ್ತೆಯ ಚರಿಗೆಯನ್ನೇ ಎತ್ತಿ ಬಾಯಿಯ ಹತ್ತಿರ ಒಯ್ದರು.

“ಸಾಹೇಬ್ರ, ಕುಡೀಬ್ಯಾಡ್ರಿ” ಎಂದಳು ಅತ್ತೆ. “ಅದು ಆ ಕಡಿ ನೀರು, ಈ ಕಡೀದಲ್ಲ.”

ತಲಾಠಿಗಳಿಗೆ ಅರ್ಥವಾಗಲಿಲ್ಲ. ಆದರೆ ಹಿಂದೆ ಕುಳಿತಿದ್ದ ಮುದುಕನೊಬ್ಬನಿಗೆ ಅರ್ಥವಾಗಿ ಕೆಮ್ಮು ಬಂತು. ಅವನ ಕೆಮ್ಮು ಇನ್ನೊಬ್ಬನಿಗೆ ಹತ್ತಿತು. ತಲಾಠಿಗಳು ಚರಿಗೆಯನ್ನು ಕೆಂಡ ಮುಟ್ಟಿದವರ ಹಾಗೆ ಕೆಳಗಿಟ್ಟರು.

ಆ ಕೆಮ್ಮು ನನ್ನ ಬಾಯಿಯ ಬಿರಡೆ ತೆಗೆಯಿತು. “ಸಾಹೇಬ್ರ, ಓದಾಕ ಬರೂವರು ಇಲ್ಲಿ ನೀವ. ಈ ಚರಗಿ ಮ್ಯಾಲ ಹೆಸರ ಕೊರದಾರ. ಗಂಡನ ಹೆಸರ ನಾವು ಹೆಂಗಸರು ಬಾಯಿಲೆ ತಗ್ಯೂವಂಗಿಲ್ಲ. ನೀವು ಓದ್ರಿ” ಅಂದೆ.

ಸರಕಾರದ ಮನುಷ್ಯ. ಅಕ್ಷರ ಕಂಡರೆ ಓದುವುದೇ ರೂಢಿ. ಬಗ್ಗಿ, ಕನ್ನಡಕ ಏರಿಸಿ, ಪೇಟೆಯ ಅಂಚೆಯವನ ಹಾಗೆ ಒಂದೊಂದೇ ಓದತೊಡಗಿದರು. ಓದಿದ ಹೆಸರಿನ ಗಂಡಸರು ಬಹಳ ಮಂದಿ ಅಲ್ಲೇ ಕುಳಿತಿದ್ದರು. ಹೆಸರು ಬಂದ ಕೂಡಲೇ ತಲೆ ಕೆಳಗಾಗುತ್ತಿತ್ತು. ಗಾಳಿ ಬಿಟ್ಟಾಗ ಜೋಳದ ಹೊಲ ಬಾಗುತ್ತದಲ್ಲ, ಹಾಗೆ ಒಂದರ ಹಿಂದೊಂದು ರುಮಾಲು ಬಾಗುತ್ತ ಬಂದವು. ಸಾಲಿನ ಕೊನೆಗೆ ಫಳಫಳ ಬೆಳಗಿದ ಒಂದು ಚರಿಗೆ. ತಲಾಠಿಗಳು ಅದರ ಹೆಸರು ಓದಲು ಬಾಯಿ ತೆರೆದು, ಓದದೆ, ಸರಪಂಚರ ಕಡೆ ನೋಡಿದರು.

ಬಸಗೌಡರು ಅದನ್ನು ಆಗಲೇ ಗುರುತಿಸಿದ್ದರು. ಅವರ ಹೆಂಡತಿ ಹೊಸಿಲು ದಾಟದ ಹೆಂಗಸು. ನಾನು ಕೂಡ ಬೆಳಕಿನಲ್ಲಿ ಅವರ ಮುಖ ನೋಡಿದವಳಲ್ಲ.

“ನಮ್ಮಾಕೀನೂ... ಅಲ್ಲಿಗೇ?” ಎಂದರು ಗೌಡರು.

“ಎಲ್ಲಾರಕಿಂತ ಮೊದಲ ಬರತಾರ್ರಿ ಗೌಡ್ರ” ಅಂದೆ. “ಈಗ ಮೂರ ದಿನಾ ಆತು, ಹಾದಿ ಮ್ಯಾಲ ಮಂದಿ ಬಂದಾಗೊಮ್ಮಿ ಎದ್ದ ನಿಲ್ಲತೀವಿ. ಈಕಿ ಮಗಳು ದಿನದಾಗ ಬಿದ್ದಾಕಿ, ಏಳಾಕ ಆಗೂದಿಲ್ಲ, ಅನ್ನಾ ನೀರ ಬಿಟ್ಟಾಳ. ಜೀಪ ಬರಲಿ, ಸಾಹೇಬ್ರು ಬರಲಿ. ಅವರು ಬರೂ ಹೊತ್ತಿನ್ಯಾಗ ನಾವೆಲ್ಲಾರೂ ಎದ್ದ ನಿಂತಿರತೀವಿ ಹಳ್ಳದಾಗ. ಮರ್ಯಾದಿ ಕೊಟ್ಟಂಗ ಕಾಣತೈತಿ.”

ಅತ್ತೆ ನನ್ನ ಕಡೆ ತಿರುಗಿ ನೋಡಿದಳು. ಬಾಯಿಯ ಮೇಲೆ ಭರವಸೆ ಬಂದಿತ್ತೆಂದು ಕಾಣುತ್ತದೆ, ಏನೂ ಸೇರಿಸಲಿಲ್ಲ.

ಗೌಡರು ಬೈಯಬಹುದಾಗಿತ್ತು. ಕಟ್ಟೆ ಹತ್ತಿದ್ದಕ್ಕೆ ದಂಡ ಹಾಕಬಹುದಾಗಿತ್ತು. ನಕ್ಕುಬಿಟ್ಟಿದ್ದರಂತೂ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಎದ್ದು ಹೋಗಿ ಆ ಬೆಳಗಿದ ಚರಿಗೆಯನ್ನು ತಮ್ಮ ಧೋತರದ ಚುಂಗಿನಿಂದ ಮುಚ್ಚಿ ಹಿಡಿದುಕೊಂಡು, “ಯಲ್ಲಪ್ಪಾ, ಲಗೂನ ಓಡು. ಕೊಡಲಿ ನಿಲ್ಲಸು” ಎಂದರು. ಅವರು ಕೆಟ್ಟವರಾಗಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಾಗದ ಹಾಗೆ ನಾವೇ ನೋಡಿಕೊಂಡಿದ್ದೆವು. ಆಮೇಲೆ ಎಷ್ಟೋ ವರ್ಷ ಅವರ ಎದುರು ನಿಂತು ಓಟು ಕೇಳಿದ್ದೇನೆ, ಜಗಳಾಡಿದ್ದೇನೆ. ಆದರೆ ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಆ ಧೋತರದ ಚುಂಗು.

ಇನ್ನು ಹೊಸ ಠರಾವು ಬರೆಯಬೇಕು. ತಲಾಠಿಗಳು ಟಾಕು ಅದ್ದಿ ಕುಳಿತರು. “ಕಳ್ಳಿ ಕಡಿಯೂದಿಲ್ಲ, ಬರೋಬ್ಬರಿ. ಕಾರಣ ಏನಂತ ಬರೀಲಿ?” ಎಂದು ಕೇಳಿದರು. ಯಾರೂ ತಲೆ ಎತ್ತಲಿಲ್ಲ. ಕಡೆಗೆ ಅವರೇ ಯೋಚಿಸಿ, ಹಳ್ಳದ ದಂಡೆಯ ಮಣ್ಣು ಕೊಚ್ಚಿ ಹೋಗದಂತೆ ತಡೆಯಲು ಎಂದು ಬರೆದರು. ಆಗ ಎಲ್ಲೆಲ್ಲೂ ಒಡ್ಡು ಹಾಕುವುದು, ಮಣ್ಣು ಉಳಿಸುವುದು ಎಂಬ ಮಾತು ನಡೆದಿತ್ತು. ವಹಿಯನ್ನು ನನ್ನ ಕಡೆ ತಿರುಗಿಸಿ ಶಾಯಿಯ ಡಬ್ಬಿ ತೆರೆದರು.

“ಮೊದಲ ಓದಿ ಹೇಳ್ರಿ” ಅಂದೆ.

ಮರಾಠಿಯಲ್ಲಿ ಓದಿದರು.

“ಕನ್ನಡದಾಗ ಹೇಳ್ರಿ.”

ಗೌಡರು ಕನ್ನಡದಲ್ಲಿ ಹೇಳಿದರು. ಆಮೇಲೆ ಒತ್ತಿದೆ. ಹಿಟ್ಟಿಲ್ಲದ ನನ್ನ ಮೊದಲ ಹೆಬ್ಬೆಟ್ಟು. ಸ್ವಲ್ಪ ದಿನಗಳ ಮೇಲೆ ದೊಡ್ಡ ಸಾಹೇಬರು ಹಳೆಯ ಬಂಡಿದಾರಿಯಲ್ಲಿ ಜೀಪು ಕುಣಿಸಿಕೊಂಡು ಬಂದರು, ವಹಿ ತೆಗೆದು ನೋಡಿದರು, ಮಣ್ಣಿನ ಬಗ್ಗೆ ಇಷ್ಟು ಕಾಳಜಿ ಇರುವ ಊರನ್ನು ನೋಡಿಯೇ ಇಲ್ಲವೆಂದು ಹೊಗಳಿದರು. ಹಾರ ಬಿದ್ದದ್ದು ಗೌಡರ ಕೊರಳಿಗೆ. ಬೀಳಲಿ. ಆ ತಲಾಠಿಗಳಿಗೂ ನಾನು ಋಣಿ. ಹಸೀನಾಳ ಚಿಕ್ಕ ತಂಗಿ ಶಾಲೆಯಿಂದ ಬಂದು ನನಗೆ ಅಕ್ಷರ ತಿದ್ದಿಸತೊಡಗಿದಾಗ, ಅವರು ತಮ್ಮ ದಫ್ತರದಿಂದ ಏನೂ ಬರೆಯದ ಒಂದು ಕೋರಾ ವಹಿ ಕಳಿಸಿಕೊಟ್ಟರು. “ಹಿಟ್ಟಿನ ಕೈಲೆ ಮುಟ್ಟಬ್ಯಾಡಂತ ಹೇಳು” ಎಂದು ಯಲ್ಲಪ್ಪನ ಬಾಯಲ್ಲಿ ಹೇಳಿಸಿಯೇ ಕಳಿಸಿದರು ಅನ್ನಿ.

ಠರಾವು ಆದ ಮರುದಿನ ನಸುಕಿನಲ್ಲಿ ಎಂದಿನಂತೆ ಹೋದೆ. ಕಡಿದ ಕಡೆಗೆ ಗೌಡರು ಸಂಜೆಯೇ ಮುಳ್ಳಿನ ಬೇಲಿ ಹಾಕಿಸಿದ್ದರು. ಬಯಲಿನಲ್ಲೂ ಹಿರಿತನ ಎಂಬುದಿತ್ತು ನಮ್ಮಲ್ಲಿ. ಹೊಸದಾಗಿ ಬಂದ ಸೊಸೆಯರು ಹೊರಗಿನ ಅಂಚಿಗೆ, ಮಕ್ಕಳೊಂದಿಗರು ನಡುವೆ. ಒಳಗೆ ಮೂರು ಕಡೆ ಕಳ್ಳಿ ಸುತ್ತುವರಿದ ಒಂದು ಗೂಡಿನಂಥ ಜಾಗ, ಅದು ಊರಿನ ಹಿರಿಯರದು. ಅಂದು ಅದು ಖಾಲಿ ಇತ್ತು. ನಾನು ಎಂದಿನ ಜಾಗಕ್ಕೆ ಹೋದರೆ ಯಾರೋ ಕುಳಿತಿದ್ದರು. ಪಕ್ಕಕ್ಕೆ ಹೋದರೆ ಅಲ್ಲೂ ಯಾರೋ. ಯಾರೂ ಸರಿಯಲಿಲ್ಲ. ಕತ್ತಲಲ್ಲಿ ಅತ್ತೆಯ ದನಿ ಬಂತು: “ಕಣ್ಣ ಕಾಣೂದಿಲ್ಲೇನ? ಒಳಗ ಹೋಗು.”

ನಾನು ಹಸೀನಾಳ ಕೈ ಹಿಡಿದು ತಂದು ಅಲ್ಲಿ ಕೂಡಿಸಿದೆ. ಅವಳಿಗೆ ಹೆರಿಗೆಯಾಗಿ, ಗಂಡುಕೂಸು ಎತ್ತಿಕೊಂಡು ಗಂಡನ ಊರಿಗೆ ಹೊರಟ ಮರುದಿನವೇ ಜಾಗವನ್ನು ವಾಪಸು ತೆಗೆದುಕೊಂಡೆ. ತ್ಯಾಗ ಮಾಡುವಷ್ಟು ದೊಡ್ಡವಳಲ್ಲ ನಾನು.

ಆಮೇಲೆ ಪಂಚಾಯಿತಿಯ ಕುರ್ಚಿ ಸಿಕ್ಕಿತು, ತಾಲೂಕಿನ ಕುರ್ಚಿ ಸಿಕ್ಕಿತು, ಸಭೆಗಳಲ್ಲಿ ಮುಂದಿನ ಸಾಲು ಸಿಕ್ಕಿತು. ಎಲ್ಲ ಕಡೆಯಲ್ಲೂ ನನಗಿಂತ ದೊಡ್ಡವರು ಒಳಗೆ ಬಂದಾಗ ಎದ್ದು ನಿಲ್ಲಬೇಕಾಯಿತು. ಊರಿನ ಹೆಂಗಸರು ಕೊಟ್ಟ ಆ ಜಾಗದಿಂದ ಮಾತ್ರ, ಯಾರು ಬಂದರೂ ನಾನು ಏಳಬೇಕಾಗಲಿಲ್ಲ.